ಅಪ್‌ಡೇಟ್: ಗಂಡ, ಮಗಳು ಇಬ್ಬರ ವೀಸಾನೂ ಬಂತು

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನರ್ಸ್ ಆಗಿದ್ದೇನೆ, ಗಂಡ, ಮಗಳನ್ನು ಇಲ್ಲಿಗೆ ಕರೆಸಿಕೊಳ್ಳಲು ಖಾತೆಯಲ್ಲಿ ಎಷ್ಟು ದುಡ್ಡು ತೋರಿಸಬೇಕು ಅಂತ ಹಿಂದೆ ಕೇಳಿದ್ದೆ. ವೀಸಾ ಬಂತು! ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಗಂಡನಿಗೆ 285 ಪೌಂಡ್, ಮೊದಲ ಮಗುವಿಗೆ 315 ಪೌಂಡ್ ಸತತ 28 ದಿನ ಖಾತೆಯಲ್ಲಿರಬೇಕು. ಆದರೆ ನಮ್ಮ ಆಸ್ಪತ್ರೆ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್‌ನಲ್ಲೇ (ವೀಸಾಕ್ಕಾಗಿ ಕೆಲಸ ಕೊಟ್ಟವರು ಕೊಡುವ ದಾಖಲೆ) ಕುಟುಂಬದ ಖರ್ಚಿಗೂ ಖಾತ್ರಿ ಕೊಟ್ಟಿತ್ತು, ಹಾಗಾಗಿ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕಾಗಲಿಲ್ಲ. ನೀವೂ ಮೊದಲು ಎಚ್‌ಆರ್ ಹತ್ತಿರ ಇದನ್ನೇ ಕೇಳಿ. ನನ್ನಂತೆ ಹೆಲ್ತ್ ಆಂಡ್ ಕೇರ್ ವೀಸಾ (ಆರೋಗ್ಯ, ಆರೈಕೆ ಕೆಲಸದವರ ವೀಸಾ) ಇದ್ದವರ ಕುಟುಂಬಕ್ಕೆ ಹೆಲ್ತ್ ಸರ್‌ಚಾರ್ಜ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ವೀಸಾ ಜೊತೆ ಕಟ್ಟುವ ಶುಲ್ಕ) ಇಲ್ಲ, ನಮಗೆ ಜಾಸ್ತಿ ಉಳಿದದ್ದು ಅದರಲ್ಲೇ.

ಮದುವೆ ಸರ್ಟಿಫಿಕೇಟ್ ಕನ್ನಡದಲ್ಲಿತ್ತು. ಅನುವಾದಕರ ಹೆಸರು, ಸಹಿ, ತಾರೀಖು, ಫೋನ್ ನಂಬರ್ ಇರುವ ಇಂಗ್ಲಿಷ್ ಅನುವಾದ ಜೊತೆಗಿಟ್ಟೆವು.

ಕೇರ್ ವರ್ಕರ್‌ಗಳಿಗೆ (ವೃದ್ಧರು, ಅಶಕ್ತರ ಆರೈಕೆ ಮಾಡುವವರಿಗೆ) ಒಂದು ಮಾತು: 2024ರ ಮಾರ್ಚ್ 11ರಿಂದ ಆ ಕೆಲಸಕ್ಕೆ ಹೊಸದಾಗಿ ವೀಸಾ ಪಡೆದವರು ಕುಟುಂಬ ಕರೆತರುವಂತಿಲ್ಲ. ಏಜೆಂಟ್ ಬೇರೆ ಹೇಳಿದರೆ ದಯವಿಟ್ಟು ದುಡ್ಡು ಕೊಡಬೇಡಿ.