14600ಕೆ ಚಿಪ್‌ಗೆ ದ್ರವ ನೈಟ್ರೋಜನ್ ಹಾಕಬೇಕು ಅಂತಿದ್ದೇನೆ, ಮಾಡಿದವರು ಅನುಭವ ಹೇಳಿ

ದಾಸರಹಳ್ಳಿ_ಪಿಸಿ: ನನ್ನ ಹತ್ರ ಇಂಟೆಲ್ 14600ಕೆ ಪ್ರೊಸೆಸರ್ ಇದೆ. ವಾಟರ್ ಕೂಲರ್‌ನಲ್ಲಿ ಪಿ-ಕೋರ್ (ವೇಗದ ಮುಖ್ಯ ಕೋರ್‌ಗಳು) ಎಲ್ಲಾ 5.7 ಗಿಗಾಹರ್ಟ್ಸ್‌ಗೆ ನಿಲ್ಲುತ್ತವೆ, ಅದರ ಮೇಲೆ ಬಿಸಿ ತಡೆಯೋಕಾಗಲ್ಲ. ಒಂದ್ಸಲ ಎಲ್‌ಎನ್2 (ದ್ರವ ನೈಟ್ರೋಜನ್) ಸುರಿದು 7 ದಾಟಿಸುವ ಆಸೆ. ಖುಷಿಗೆ ಅಷ್ಟೇ. ಬಜೆಟ್ 40 ಸಾವಿರ. ಬಾಡಿಗೆ ಮನೆ, ಎರಡನೇ ಮಹಡಿ, ಚಿಕ್ಕ ಬಾಲ್ಕನಿ. ಚಿಪ್ ಮೇಲೆ ಕೂರಿಸಿ ನೈಟ್ರೋಜನ್ ಸುರಿಯೋ ಪಾಟ್ ಕೊಳ್ಳಲೇಬೇಕಾ? ಮೊದಲು ಡ್ರೈ ಐಸ್‌ನಲ್ಲಿ ಕೈ ಪಳಗಿಸಿಕೊಳ್ಳಲಾ?

ಪೀಣ್ಯ_ಫ್ರಾಸ್ಟ್: 40 ಸಾವಿರ ಅಂತ ಓದಿದಾಗಲೇ ನನ್ನ ಹಳೇ ಗಾಯ ಕೆರೆದ ಹಾಗಾಯಿತು. ನನ್ನ ಲೆಕ್ಕ ನೋಡಿ. ತಾಮ್ರದ ಪಾಟ್ 24,000. ಹೊರದೇಶದಿಂದ ಬರೋ ಸಾಗಣೆ 5,200. ಅದರ ಮೇಲೆ ಸುಂಕ 9,800. ಚಳಿ ಅಳೆಯೋ ಕೆ-ಟೈಪ್ ಥರ್ಮೋಕಪಲ್ ಮೀಟರ್ 3,400. ಚಳಿಗೆ ಬಿರುಕು ಬಿಡದ ಪೇಸ್ಟ್ 1,100. ನೈಟ್ರೋಜನ್ ತರೋ ಕ್ಯಾನ್‌ಗೆ ಡೆಪಾಸಿಟ್ 15,000. ಲೀಟರ್‌ಗೆ 80 ರೂಪಾಯಿ ಅಂತ ಫೋನಲ್ಲಿ ಹೇಳಿದ್ದರು, ಹೋದ ಮೇಲೆ 30 ಲೀಟರ್‌ಗಿಂತ ಕಡಿಮೆ ಕೊಡಲ್ಲ ಅಂದರು. ಟೆಂಪೋ ಬೇರೆ. ಅದೂ ಎಷ್ಟೋ ಭಾಗ ಪಾಟ್ ತಣ್ಣಗಾಗೋ ಅಷ್ಟರಲ್ಲೇ ಕುದಿದು ಹೋಗುತ್ತದೆ, ಮುಟ್ಟದೆ ಇಟ್ಟರೂ ದಿನಾ ಒಂಚೂರು ಆವಿ ಆಗುತ್ತಲೇ ಇರುತ್ತದೆ.

ಇಷ್ಟೆಲ್ಲ ಸಹಿಸಬಹುದು. ಬೋರ್ಡ್ ಸಹಿಸೋಕಾಗಲ್ಲ. 38,000 ಕೊಟ್ಟ ಬೋರ್ಡ್. ನೀರು ತಡೆಯೋ ರಬ್ಬರ್ ಲೇಪನ ಪ್ಲಾಸ್ಟಿ ಡಿಪ್ ಬಳಿದು, ಸಾಕೆಟ್‌ಗೆ ವ್ಯಾಸಲೀನ್ ತುಂಬಿ, ಅದರ ಸುತ್ತ ಆರ್ಟ್ ಇರೇಸರ್ ಮೆತ್ತಿ, ಮೇಲೆ ಟಿಶ್ಯೂ ಸುತ್ತಿ, ಎಲ್ಲಾ ನಿಯಮದ ಪ್ರಕಾರ ಮಾಡಿದ್ದೆ. ಜೂನ್ ತಿಂಗಳು, ಹೊರಗೆ ಜಿಟಿಜಿಟಿ ಮಳೆ. ಬೋರ್ಡ್ ಹಿಂಭಾಗದಲ್ಲಿ ಸಾಕೆಟ್‌ನ ಬ್ಯಾಕ್‌ಪ್ಲೇಟ್ ಸ್ಕ್ರೂ ಪಕ್ಕ ಉದ್ದಿನ ಕಾಳಿನಷ್ಟು ಬಿಳಿ ಹಿಮ ಕೂತಿತು. ಅದು ಕರಗಿ ನೀರಾಗಿ ಒಳಗೆ ಇಳಿಯಿತು, ಮೆಷಿನ್ ಆಫ್ ಆಯಿತು, ಮತ್ತೆ ಏಳಲೇ ಇಲ್ಲ. ಸರ್ವಿಸ್ ಸೆಂಟರ್‌ನವರು ಸಾಕೆಟ್‌ನಲ್ಲಿ ವ್ಯಾಸಲೀನ್ ನೋಡಿದ್ದೇ ವಾರಂಟಿ ಇಲ್ಲ ಅಂದುಬಿಟ್ಟರು. ಬೋರ್ಡ್ ಮೇಲೆ ಎಲ್‌ಎನ್2 ಮೋಡ್ ಅಂತ ಸ್ವಿಚ್ ಅವರೇ ಕೊಟ್ಟಿದ್ದಾರೆ ಕಣ್ರೀ! ಆ ಸ್ವಿಚ್ ತೋರಿಸಿಯೇ ಮಾರುತ್ತಾರೆ, ಬಳಸಿದರೆ ವಾರಂಟಿ ಇಲ್ಲ. ಇದು ಮೋಸ ಅಲ್ಲದೆ ಇನ್ನೇನು?

ಎಫ್‌ಎಕ್ಸ್_ಮೈಸೂರು: ಹೊಸ ಇಂಟೆಲ್ ಮೇಲೆ ಯಾಕೆ ದುಡ್ಡು ಸುರೀತೀರ? ನಾನು ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಹಳೇ ಎಎಂಡಿ ಎಫ್‌ಎಕ್ಸ್-8350 ಹುಡುಕಿ 2,800ಕ್ಕೆ ತಂದೆ, ಬೋರ್ಡ್ 4,500. ಹೋದರೆ ಹೋಗಲಿ ಅನ್ನೋ ಬೆಲೆ. ಈ ಚಿಪ್‌ಗೆ ಕೋಲ್ಡ್ ಬಗ್, ಅಂದರೆ ತೀರಾ ಚಳಿಗೆ ನಿಂತುಹೋಗೋ ಕಾಯಿಲೆ, ಅನ್ನೋದೇ ಇಲ್ಲ. ಪಾಟ್ ತುಂಬಾ ಸುರಿಯಿರಿ, ಮೈನಸ್ 196ರ ಹತ್ತಿರ ಕೂತ್ಕೊಂಡು ಓಡುತ್ತದೆ. ಇಂಟೆಲ್ ಆದರೆ ಒಂದೊಂದು ಚಿಪ್‌ಗೂ ಒಂದೊಂದು ಡಿಗ್ರಿ. ಅದಕ್ಕಿಂತ ಕೆಳಗೆ ಹೋದರೆ ಸ್ಕ್ರೀನ್ ಕಪ್ಪು, ಬ್ಲೋ ಟಾರ್ಚ್ ಹಿಡಿದು ಪಾಟ್ ಕಾಯಿಸುತ್ತಾ ನಿಲ್ಲಬೇಕು. ಒಂದೇ ಮಾಡ್ಯೂಲ್ (ಎರಡು ಕೋರ್‌ಗಳ ಜೋಡಿ) ಉಳಿಸಿ, ವೋಲ್ಟೇಜ್ 1.9ರ ಮೇಲೆ ಕೊಟ್ಟು 7.4 ಗಿಗಾಹರ್ಟ್ಸ್ ತೆಗೆದೆ. ವೇಗಕ್ಕೆ ಸಾಕ್ಷಿಯಾಗಿ ಸಿಪಿಯು-ಝಡ್ ಸಾಫ್ಟ್‌ವೇರ್‌ನ ವ್ಯಾಲಿಡೇಶನ್ ಇದೆ. ಮನೆಯವರೆಲ್ಲ ನೋಡಿದರು, ನನ್ನ ಮಗಳು ಪಾಟ್‌ನಿಂದ ಏಳೋ ಹೊಗೆ ನೋಡಿ ಚಪ್ಪಾಳೆ ಹೊಡೆದಳು. ಒಂದು ರೂಪಾಯಿಯೂ ದಂಡ ಅನ್ನಿಸಲಿಲ್ಲ.

ಸೂಪರ್‌ಪೈ_32ಎಂ: ಒಂದು ಮಾಡ್ಯೂಲ್ ಇಟ್ಟುಕೊಂಡು, ಸ್ಕ್ರೀನ್‌ಶಾಟ್ ತೆಗೆಯೋವರೆಗೆ ಬದುಕಿದ್ದರೆ ಅದು ಓವರ್‌ಕ್ಲಾಕಾ? ಆ 7.4ರಲ್ಲಿ ಸೂಪರ್‌ಪೈ 32ಎಂ (ಪೈ ಲೆಕ್ಕ ಹಾಕೋ ಬೆಂಚ್‌ಮಾರ್ಕ್) ಓಡಿಸಿ ತೋರಿಸಿ ಸರ್. ನಾನು ಅದಕ್ಕೆ ಬೇಕಾದ ಸ್ಯಾಮ್‌ಸಂಗ್ ಬಿ-ಡೈ ಚಿಪ್‌ನ ಮೆಮೊರಿ ಆರಿಸೋಕೆ ಖರ್ಚು ಮಾಡಿದ ದುಡ್ಡಲ್ಲಿ ನಿಮ್ಮ ಇಡೀ ಸೆಟ್ಟಪ್ ಬರುತ್ತದೆ. ಮೆಮೊರಿ ಟೈಮಿಂಗ್ ಬಿಗಿ ಮಾಡ್ತಾ ಮಾಡ್ತಾ ವಿಂಡೋಸ್ ಹಾಳಾಗಿ, ಹೊಸದಾಗಿ ಹಾಕಿ, ಮತ್ತೆ ಶುರು. ಕೊನೇ ಲೂಪ್‌ನಲ್ಲಿ ಎರರ್ ಬಂದಾಗ ಆಗೋ ಸಂಕಟ ಬರೀ ಫ್ರೀಕ್ವೆನ್ಸಿ ಹಿಂದೆ ಬಿದ್ದವರಿಗೆ ಗೊತ್ತಿಲ್ಲ.

ಎಫ್‌ಎಕ್ಸ್_ಮೈಸೂರು: ಬರೀ ಫ್ರೀಕ್ವೆನ್ಸಿನಾ? 2011ರಲ್ಲಿ ದ್ರವ ಹೀಲಿಯಂ ಸುರಿದು ಎಫ್‌ಎಕ್ಸ್‌ನ್ನು 8.429ಕ್ಕೆ ಒಯ್ದಾಗ ಗಿನ್ನೆಸ್‌ನವರೇ ಬರೆದುಕೊಂಡರು. 2014ರಲ್ಲಿ ‘ದಿ ಸ್ಟಿಲ್ಟ್’ ಅನ್ನೋ ಓವರ್‌ಕ್ಲಾಕರ್ ಎಫ್‌ಎಕ್ಸ್-8370ರಲ್ಲಿ 8.72 ಮಾಡಿದ. ಅದನ್ನು ಮೀರಿಸೋಕೆ ಇಂಟೆಲ್‌ಗೆ 2022ರ 13900ಕೆ ಬರಬೇಕಾಯಿತು. ಅಷ್ಟು ವರ್ಷ ನಿಂತ ದಾಖಲೆಯನ್ನ ಸ್ಕ್ರೀನ್‌ಶಾಟ್ ಅಂತೀರಲ್ಲ, ನಾಚಿಕೆ ಆಗಬೇಕು.

ಸೂಪರ್‌ಪೈ_32ಎಂ: ಅದೇ 13900ಕೆ 2022 ಮುಗಿಯೋದರೊಳಗೆ ಹೀಲಿಯಂನಲ್ಲಿ 9 ದಾಟಿತು, ಅದನ್ನ ಯಾಕೆ ಬಿಟ್ಟಿರಿ? ಮತ್ತೆ ದಾಖಲೆ ಅವರದ್ದು, ನಿಮ್ಮದಲ್ಲ.

ಡ್ರೈಐಸ್_ಹುಬ್ಬಳ್ಳಿ: ಇಬ್ಬರೂ ಸುಮ್ನಿರಿ. ಡ್ರೈ ಐಸ್ ಬಗ್ಗೆ ಕೇಳಿದ್ದಾರೆ. ಮೈನಸ್ 78 ಸಾಕು, ಐಸೋಪ್ರೊಪೈಲ್ ಆಲ್ಕೋಹಾಲ್ ಜೊತೆ ಪುಡಿ ಕಲಸಿ ಹಾಕಿದರೆ ಪಾಟ್‌ಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಆಲ್ಕೋಹಾಲ್ ಇರೋವಾಗ ಹತ್ತಿರ ಬ್ಲೋ ಟಾರ್ಚ್ ಹಚ್ಚಬೇಡಿ. ನನಗೆ ತೊಂದರೆ ಆಗಿದ್ದು ಸಿಗೋದರಲ್ಲಿ. ಐಸ್ ಬಸ್ಸಲ್ಲಿ ಬೆಂಗಳೂರಿಂದ ಬರೋವಷ್ಟರಲ್ಲಿ ಕಾಲು ಭಾಗ ಕಮ್ಮಿ ಆಗಿತ್ತು, ಪಾರ್ಸಲ್‌ನವರು ಮಾತ್ರ ಪೂರ್ತಿ ತೂಕಕ್ಕೇ ದುಡ್ಡು ತಗೊಂಡರು. ಇನ್ನೊಂದು ವಿಷಯ: 13, 14ನೇ ಪೀಳಿಗೆಯ ಚಿಪ್‌ಗಳು ವೋಲ್ಟೇಜ್‌ಗೆ ಸವೆಯೋ ಸಮಸ್ಯೆ 2024ರಲ್ಲಿ ದೊಡ್ಡ ಗಲಾಟೆ ಆಯಿತಲ್ಲ, 14600ಕೆ ಕೂಡ ಆ ಪಟ್ಟಿಯಲ್ಲಿದೆ. ಇಂಟೆಲ್ ವಾರಂಟಿಗೆ ಎರಡು ವರ್ಷ ಸೇರಿಸಿದೆ. ಅದನ್ನ ಕಳ್ಕೊಳ್ಳೋಕೆ ಮುಂಚೆ ಯೋಚನೆ ಮಾಡಿ.

ಎಫ್‌ಎಕ್ಸ್_ಮೈಸೂರು: ನೈಟ್ರೋಜನ್‌ಗೆ ಪೀಣ್ಯದ ಗ್ಯಾಸ್ ಮಾರೋರ ಕಾಲು ಹಿಡಿಯೋದೂ ಬೇಡ. ನಮ್ಮೂರ ಕಡೆ ಹಸುಗಳಿಗೆ ಇನ್ಸೆಮಿನೇಶನ್ ಮಾಡೋಕೆ ಬರೋರ ಹತ್ರ ಕ್ಯಾನ್ ಇರುತ್ತಲ್ಲ, ನಾನು ಪರಿಚಯದವರಿಂದ ಐದಾರು ಲೀಟರ್ ಬಗ್ಗಿಸಿಕೊಂಡೆ.

ಹಾಸನ_ಪಶುಸೇವೆ: ಇದನ್ನ ಓದಿ ಮೈ ಉರೀತು. ನಾನು ಆ ಕ್ಯಾನ್ ಬೈಕಿಗೆ ಕಟ್ಟಿಕೊಂಡು ಹಳ್ಳಿ ಸುತ್ತೋನು. ಒಳಗೆ ವೀರ್ಯದ ಸ್ಟ್ರಾಗಳು ಮೈನಸ್ 196ರಲ್ಲಿ ಮುಳುಗಿರಬೇಕು. ಮಟ್ಟ ಇಳಿದು ಸ್ಟ್ರಾ ಒಮ್ಮೆ ಕರಗಿದರೆ ತಿರುಗಿ ಹಾಕಿದರೂ ಪ್ರಯೋಜನ ಇಲ್ಲ. ಹೊರಗಿಂದ ನೋಡಿದರೆ ಗೊತ್ತೂ ಆಗಲ್ಲ. ಹಸು ಕಟ್ಟಲಿಲ್ಲ ಅಂದರೆ ಮತ್ತೆ ಬೆದೆಗೆ ಬರೋಕೆ 21 ದಿನ ಕಾಯಬೇಕು, ಅಷ್ಟು ದಿನದ ಮೇವು ರೈತನ ತಲೆ ಮೇಲೆ. ನಿಮ್ಮ ಚಪ್ಪಾಳೆಗೆ ಯಾರ ಕೊಟ್ಟಿಗೆಯಲ್ಲಿ ನಷ್ಟ ಆಯಿತು ಅಂತ ವಿಚಾರಿಸಿದ್ದೀರಾ?

ಎಫ್‌ಎಕ್ಸ್_ಮೈಸೂರು: ಕದ್ದಿಲ್ಲ ಸರ್, ಕೇಳಿ ತಗೊಂಡೆ. ಅವರೇ ಮರುದಿನ ತುಂಬಿಸಿಕೊಳ್ತೀನಿ ಅಂದರು.

ಹಾಸನ_ಪಶುಸೇವೆ: ಕೊಡೋಕೆ ಅದು ಅವರದ್ದಲ್ಲ. ಕೇಳಿದ ದಾಸರಹಳ್ಳಿ ತಮ್ಮನಿಗೆ ಒಂದು ಮಾತು: ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಗ್ಯಾಸ್ ಆಗುತ್ತದೆ. ಬಾಗಿಲು ಮುಚ್ಚಿದ ರೂಮಲ್ಲಿ ಆಮ್ಲಜನಕ ಕಮ್ಮಿಯಾಗಿ ತಲೆ ತಿರುಗಿದ್ದು ಗೊತ್ತಾಗೋ ಮೊದಲೇ ಬಿದ್ದಿರುತ್ತೀರಿ. ಲಿಫ್ಟ್‌ನಲ್ಲಿ ಕ್ಯಾನ್ ಜೊತೆ ನೀವು ಹತ್ತಬೇಡಿ. ಮುಚ್ಚಳ ಬಿಗಿಯಾಗಿ ಮುಚ್ಚಿದರೆ ಒಡೆಯುತ್ತದೆ.

ಸೂಪರ್‌ಪೈ_32ಎಂ: ಗ್ಲೌಸ್ ಬೇಡ ಅನ್ನೋರೂ ಇದ್ದಾರೆ, ಒಳಗೆ ಹನಿ ಸಿಕ್ಕಿಕೊಂಡರೆ ಜಾಸ್ತಿ ಸುಡುತ್ತದಂತೆ.

ಹಾಸನ_ಪಶುಸೇವೆ: ಸಡಿಲವಾದ ಕ್ರಯೋ ಗ್ಲೌಸ್ ಹಾಕಿ, ಹನಿ ಒಳಗೆ ಹೋದರೆ ಒಂದೇ ಸಲ ಕೊಡವಿ ತೆಗೆಯಬಹುದು. ಬಟ್ಟೆ ಗ್ಲೌಸ್ ಹಾಕೋರ ಕಥೆ ಕೇಳಿ ಎಲ್ಲ ಗ್ಲೌಸ್‌ಗೂ ಹೆಸರು ಕೆಡಿಸಬೇಡಿ.

ದಾಸರಹಳ್ಳಿ_ಪಿಸಿ: ಹಾಗಾದರೆ ಬಾಲ್ಕನಿ ಬೇಡ, ಟೆರೇಸ್ ಕೇಳಿ ನೋಡ್ತೀನಿ. ಪಾಟ್ ಯಾರಾದರೂ ಕೊಡ್ತೀರಾ?

ಪೀಣ್ಯ_ಫ್ರಾಸ್ಟ್: ನನ್ನದು ಸುಮ್ನೆ ಕೂತಿದೆ. ನಿಮ್ಮ ಚಿಪ್ ಕೂರೋ ಎಲ್‌ಜಿಎ 1700 ಸಾಕೆಟ್‌ಗೆ ಬ್ರ್ಯಾಕೆಟ್ ಇದೆ. ಬಾಡಿಗೆ ಬೇಡ, 10,000 ಡೆಪಾಸಿಟ್ ಇಟ್ಟು ತಗೊಂಡು ಹೋಗಿ, ತಳ ಗೀರು ಬಿದ್ದರೆ ಡೆಪಾಸಿಟ್ ವಾಪಸ್ ಬರಲ್ಲ. ಡಿಸೆಂಬರ್ ತನಕ ಕಾಯಿರಿ, ಒಣ ಹವೆ ಬರಲಿ. ಮಳೆಗಾಲದಲ್ಲಿ ಕೇಳಿದರೆ ಕೊಡಲ್ಲ.