ಹಳೆಯ ಚಿತ್ರದಲ್ಲಿರುವ ಫೋರ್ಡ್ ಸ್ಟೇಷನ್ ವ್ಯಾಗನ್: ಯಾವ ದರ್ಜೆ, ಎಷ್ಟು ಆಸನ?

ಪ್ರಶ್ನೆ (ತೀರ್ಥಹಳ್ಳಿ):
ನಮ್ಮ ದೊಡ್ಡಪ್ಪನವರು ಅರವತ್ತರ ದಶಕದಲ್ಲಿ ಅಮೆರಿಕದಲ್ಲಿದ್ದಾಗ ಕೊಂಡಿದ್ದ ಫೋರ್ಡ್ ಸ್ಟೇಷನ್ ವ್ಯಾಗನ್ನಿನ (ಹಿಂಭಾಗದಲ್ಲಿ ಸಾಮಾನಿಗೂ ಜಾಗವಿರುವ ಉದ್ದನೆಯ ಕಾರು) ಎರಡು ಕಪ್ಪು-ಬಿಳುಪು ಚಿತ್ರಗಳು ಮನೆಯ ಆಲ್ಬಮಿನಲ್ಲಿವೆ. ಇಲ್ಲಿಯ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು, ಕಾರಿನ ಹೆಸರಿದ್ದ ಭಾಗವೇ ಅಳಿಸಿಹೋಗಿದೆ. ಒಂದು ಚಿತ್ರದಲ್ಲಿ ಮುಂದಿನ ದೀಪಗಳು ಒಂದರ ಮೇಲೊಂದಿವೆ. ಬಾಗಿಲುಗಳ ಮೇಲೆ ತಿಳಿಬಣ್ಣದ ಅಂಚಿನೊಳಗೆ ಗಾಢವಾದ ಹೊದಿಕೆ ಕಾಣುತ್ತದೆ. ಇನ್ನೊಂದರಲ್ಲಿ ಹಿಂಬಾಗಿಲು ಪಕ್ಕಕ್ಕೆ ತೆರೆದಿದ್ದು, ಮಕ್ಕಳು ಎದುರುಬದುರಾಗಿ ಕುಳಿತಿದ್ದಾರೆ. ದೊಡ್ಡಮ್ಮನವರು ಅದನ್ನು ಕಂಟ್ರಿ ಸೆಡಾನ್ ಎನ್ನುತ್ತಾರೆ. ಆಲ್ಬಮಿನಲ್ಲಿ ಸರಿಯಾದ ಹೆಸರನ್ನೇ ಬರೆದಿಡಬೇಕೆಂಬುದು ನನ್ನ ಆಸೆ.

ಉತ್ತರ (ಶಿವಮೊಗ್ಗ):
ಮೊದಲು ವರ್ಷವನ್ನು ಗೊತ್ತುಮಾಡಿಕೊಳ್ಳೋಣ. ಫೋರ್ಡಿನ ದೊಡ್ಡ ಕಾರುಗಳಲ್ಲಿ ದೀಪಗಳು ಹೀಗೆ ಮೇಲೆ-ಕೆಳಗೆ ಇದ್ದದ್ದು 1965ರಿಂದ 1967ರವರೆಗೆ. ಕೆಳಕ್ಕೂ ಪಕ್ಕಕ್ಕೂ ತೆರೆಯಬಲ್ಲ ಹಿಂಬಾಗಿಲು ಬಂದದ್ದು 1966ರಲ್ಲಿ. ಹೀಗಾಗಿ 1966 ಮತ್ತು 1967 ಮಾತ್ರ ಉಳಿಯುತ್ತವೆ. ಆಗ ರ‍್ಯಾಂಚ್ ವ್ಯಾಗನ್ ಕೆಳಗಿನ ದರ್ಜೆ, ಕಂಟ್ರಿ ಸೆಡಾನ್ ನಡುವಿನದು, ಕಂಟ್ರಿ ಸ್ಕ್ವೈರ್ ಎಲ್ಲಕ್ಕಿಂತ ಮೇಲಿನದು. ಮರದ ಗೆರೆಗಳನ್ನು ಅಚ್ಚೊತ್ತಿದ ಹೊದಿಕೆ ಸ್ಕ್ವೈರ್‌ನ ಗುರುತಾಗಿತ್ತು. ತಾವು ಹೇಳುವ ತಿಳಿ ಅಂಚು ಅದರ ಚೌಕಟ್ಟೇ ಇರಬೇಕು. ದೊಡ್ಡಮ್ಮನವರು ಹೇಳುವ ಹೆಸರೂ ಅದೇ ಕಾಲದ್ದೇ, ಆದರೆ ಆ ದರ್ಜೆಗೆ ಈ ಹೊದಿಕೆ ಇರಲಿಲ್ಲ.

ಮಕ್ಕಳು ಕುಳಿತಿರುವ ರೀತಿಯೂ ಒಳ್ಳೆಯ ಸಾಕ್ಷಿ. 1965ರಿಂದ ಫೋರ್ಡ್ ತನ್ನ ದೊಡ್ಡ ವ್ಯಾಗನ್ನುಗಳ ಹಿಂಭಾಗದಲ್ಲಿ ಪರಸ್ಪರ ಎದುರಾಗುವ ಎರಡು ಕಿರುಪೀಠಗಳನ್ನು ಕೊಡುತ್ತಿತ್ತು, ಅವು ಇದ್ದರೆ ಒಟ್ಟು ಹತ್ತು ಜನರಿಗೆ ಸ್ಥಳ.

ಉತ್ತರ (ಸಾಗರ):
ಮೇಲಿನ ವಿವರಣೆ ಸರಿಯೆಂದೇ ನನ್ನ ಅಭಿಪ್ರಾಯ. ಆದರೂ ಹೊದಿಕೆಯನ್ನು ಕಿತ್ತು ಬಣ್ಣ ಬಳಿದವರೂ, ಇಲ್ಲದ ಕಾರಿಗೆ ಅಂಟಿಸಿದವರೂ ಇದ್ದಾರೆಂಬುದರಿಂದ, ವಿಮೆಯ ಅಥವಾ ನೋಂದಣಿಯ ಹಳೆಯ ಕಾಗದವೇನಾದರೂ ಸಿಕ್ಕರೆ ಅದರಲ್ಲಿರುವ, ಕಾರ್ಖಾನೆಯೇ ಕೊಟ್ಟ ಗುರುತಿನ ಸಂಖ್ಯೆಯನ್ನೇ (ನೋಂದಣಿ ಫಲಕದ ಸಂಖ್ಯೆಯಲ್ಲ) ನಂಬುವುದು ಉತ್ತಮ. ಮೊದಲ ಅಂಕಿ ವರ್ಷ, ಎರಡನೆಯ ಅಕ್ಷರ ಕಾರ್ಖಾನೆ, ಮೂರು ಮತ್ತು ನಾಲ್ಕನೆಯ ಅಂಕಿಗಳು ಮಾದರಿ. 71 ಎಂದರೆ ರ‍್ಯಾಂಚ್ ವ್ಯಾಗನ್. 72 ಆರು ಜನರ ಕಂಟ್ರಿ ಸೆಡಾನ್, 74 ಹತ್ತು ಜನರದು. 76 ಆರು ಜನರ ಸ್ಕ್ವೈರ್, 78 ಹತ್ತು ಜನರದು.

ಪ್ರಶ್ನೆ ಕೇಳಿದವರು (ತೀರ್ಥಹಳ್ಳಿ):
ಅಟ್ಟದ ಪೆಟ್ಟಿಗೆಯಲ್ಲಿ ವಿಮೆಯ ಕಾಗದ ಸಿಕ್ಕಿತು. ಸಂಖ್ಯೆ 6ರಿಂದ ಆರಂಭವಾಗುತ್ತದೆ. ಮೂರು-ನಾಲ್ಕನೆಯ ಅಂಕಿಗಳು 78, ಅವುಗಳ ನಂತರ ‘ಸಿ’ ಅಕ್ಷರವಿದೆ. ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಆ ‘ಸಿ’ ಏನನ್ನು ಸೂಚಿಸುತ್ತದೆ?

ಉತ್ತರ (ಶಿವಮೊಗ್ಗ):
ಐದನೆಯ ಸ್ಥಾನ ಎಂಜಿನ್ನಿನದು. ‘ಸಿ’ ಎಂದರೆ 289 ಘನ ಅಂಗುಲದ ವಿ-8, ಅಂದರೆ ಎಂಟು ಸಿಲಿಂಡರುಗಳ ಎಂಜಿನ್. ಆದ್ದರಿಂದ ಚಿತ್ರದ ಕೆಳಗೆ ‘1966ರ ಫೋರ್ಡ್ ಕಂಟ್ರಿ ಸ್ಕ್ವೈರ್, ಹತ್ತು ಆಸನ’ ಎಂದು ನಿಸ್ಸಂಶಯವಾಗಿ ಬರೆಯಿರಿ; ಕಾಗದದ ಒಂದು ಪ್ರತಿಯನ್ನೂ ಆಲ್ಬಮಿನಲ್ಲಿ ಸೇರಿಸಿಡಿ.