ಮಂಡ್ಯದ ಹಳೇ ಡಿಎಲ್, ಅವಧಿ ಮುಗಿದು ಎಂಟು ತಿಂಗಳು: ಮೈಸೂರಲ್ಲೇ ರಿನ್ಯೂವಲ್ ಆಗುತ್ತಾ?

ಕುವೆಂಪುನಗರ_ವಾಸಿ

ಅಪ್ಪನ ಡಿಎಲ್ (ಡ್ರೈವಿಂಗ್ ಲೈಸೆನ್ಸ್) ಮಂಡ್ಯ ಆರ್‌ಟಿಒದ್ದು, 2006ರಲ್ಲಿ ಕೊಟ್ಟಿದ್ದು. ಬೈಕ್, ಕಾರು ಎರಡೂ ಇದೆ. ಅವರಿಗೆ 50 ತುಂಬಿದ ದಿನಕ್ಕೇ ಅವಧಿ ಮುಗಿದಿದೆ, ಈಗ ಎಂಟು ತಿಂಗಳಾಯ್ತು. ಸದ್ಯ ನಮ್ಮ ಜೊತೆ ಮೈಸೂರಲ್ಲಿದ್ದಾರೆ, ಆಧಾರ್ ಮಾತ್ರ ಇನ್ನೂ ಮದ್ದೂರು ಕಡೆ ಊರಿನ ವಿಳಾಸದಲ್ಲಿದೆ.

ಕಾರ್ಡ್ ಹಳೇ ಲ್ಯಾಮಿನೇಷನ್ ಥರದ್ದು, ಅಂಚು ಬಿಟ್ಟುಕೊಂಡಿದೆ. ನಂಬರ್ "ಇಷ್ಟು/2006-07" ಅಂತ ಇದೆ, ಸಾರಿಗೆ ಇಲಾಖೆಯ ಸಾರಥಿ ಪೋರ್ಟಲ್‌ನಲ್ಲಿ ಹಾಕಿದರೆ ದಾಖಲೆ ಇಲ್ಲ ಅನ್ನುತ್ತೆ. ಡಿಎಲ್‌ನಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ ಹೆಸರು. ಏಜೆಂಟ್ ಒಬ್ಬರು ಮತ್ತೆ ಎಲ್‌ಎಲ್‌ಆರ್‌ನಿಂದ (ಕಲಿಕಾ ಲೈಸೆನ್ಸ್) ಶುರು ಮಾಡಬೇಕು, ಡೂಪ್ಲಿಕೇಟ್ ಬೇರೆ ತೆಗೆಸಬೇಕು ಅಂತಿದ್ದಾರೆ. ನಿಜವಾ? ಮಂಡ್ಯಕ್ಕೆ ಹೋಗಲೇಬೇಕಾ?

ಆರ್‌ಟಿಒ_ಸರ್ಕಲ್

ಎಲ್‌ಎಲ್‌ಆರ್ ಬೇಡ, ಟೆಸ್ಟೂ ಬೇಡ. 2019ರ ತಿದ್ದುಪಡಿ ಆದಮೇಲೆ ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ, ಮುಗಿದ ಒಂದು ವರ್ಷದ ಒಳಗೆ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ವರ್ಷ ದಾಟಿದರೆ ಮಾತ್ರ ಮತ್ತೆ ವಾಹನ ಓಡಿಸಿ ತೋರಿಸಿ ಪಾಸಾಗಬೇಕು. ನಿಮಗೆ ಇನ್ನು ನಾಲ್ಕೇ ತಿಂಗಳಿದೆ. ನಂಬರ್ ತಕರಾರು ಬಿಡಿಸಿಕೊಳ್ಳುವುದರಲ್ಲೇ ಇದು ಕಳೆದುಹೋಗಬಹುದು, ಅದಕ್ಕೇ ಮೊದಲು ಕೈ ಹಾಕಿ.

ಸಾರಥಿಗೆ ಬೇಕಿರುವ ನಂಬರಿನ ಕ್ರಮ ಹೀಗೆ: ಕೆಎ, ಆಮೇಲೆ ಮಂಡ್ಯ ಕಚೇರಿಯ ಸಂಖ್ಯೆ 11, ಡಿಎಲ್ ಕೊಟ್ಟ ಇಸವಿ ನಾಲ್ಕು ಅಂಕೆ, ಕೊನೆಗೆ ಕ್ರಮಸಂಖ್ಯೆ ಏಳು ಅಂಕೆ. ಕಾರ್ಡಿನ ಕ್ರಮಸಂಖ್ಯೆ ನಾಲ್ಕೇ ಅಂಕೆ ಇದ್ದರೆ ಅದರ ಮುಂದೆ ಮೂರು ಸೊನ್ನೆ ಸೇರಿಸಿ. ಇಸವಿ ಹಾಕುವಾಗ "2006-07" ಅನ್ನೋದನ್ನ ನೋಡಬೇಡಿ, ಕಾರ್ಡ್ ಮೇಲಿನ ಇಶ್ಯೂ ತಾರೀಖು ನೋಡಿ. 2007ರ ಜನವರಿಯಿಂದ ಮಾರ್ಚ್ ಒಳಗೆ ಕೊಟ್ಟಿದ್ದರೆ 2007. ನೀವು 2006 ಅಂತ ಹೇಳಿದ್ದೀರಿ, ಆದರೂ ಒಮ್ಮೆ ನೋಡಿ. ಜನ್ಮದಿನಾಂಕವೂ ಡಿಎಲ್‌ನಲ್ಲಿ ಇರುವಂತೆಯೇ ಹಾಕಬೇಕು, ಆಧಾರ್‌ನಲ್ಲಿ ಬೇರೆ ಇದ್ದರೂ ಸರಿ.

ಇಷ್ಟಾದರೂ ಸಿಗದಿದ್ದರೆ ದಾಖಲೆ ಕಂಪ್ಯೂಟರ್‌ಗೆ ಏರಿಲ್ಲ ಅಂತ ಅರ್ಥ. ಹಳೇ ರಿಜಿಸ್ಟರ್ ಇರುವುದು ಡಿಎಲ್ ಕೊಟ್ಟ ಕಚೇರಿಯಲ್ಲಿ, ಬ್ಯಾಕ್‌ಲಾಗ್ ಎಂಟ್ರಿಯನ್ನ (ಹಳೇ ದಾಖಲೆ ಕಂಪ್ಯೂಟರ್‌ಗೆ ಏರಿಸುವುದು) ಅವರೇ ಮಾಡಬೇಕು. ಅದೊಂದಕ್ಕೆ ಮಾತ್ರ ಮಂಡ್ಯಕ್ಕೆ ಹೋಗಿ, ಮೂಲ ಕಾರ್ಡ್ ಮತ್ತು ಆಧಾರ್ ಜೊತೆಗಿರಲಿ. ದಾಖಲೆ ಏರಿದ ಮೇಲೆ ರಿನ್ಯೂವಲ್ ಮೈಸೂರಲ್ಲೇ ಆಗುತ್ತೆ. ಪಶ್ಚಿಮ ಕಚೇರಿಯೋ (ಕೆಎ-09) ಪೂರ್ವ ಕಚೇರಿಯೋ (ಕೆಎ-55) ಅನ್ನೋದು ಪಿನ್‌ಕೋಡ್ ಹಾಕಿದಾಗ ಪರದೆ ಮೇಲೇ ಬರುತ್ತೆ.

ಡೂಪ್ಲಿಕೇಟ್ ಮಾತು ಬಿಟ್ಟುಬಿಡಿ. ರಿನ್ಯೂವಲ್‌ಗೆ ಹೇಗಿದ್ದರೂ ಹೊಸ ಸ್ಮಾರ್ಟ್ ಕಾರ್ಡ್ ಬರುತ್ತೆ, ಹಳೇದು ಹರಿದಿದ್ದರೆ ಇನ್ನೊಂದು ಯಾಕೆ? ಡೂಪ್ಲಿಕೇಟ್ ಬೇಕಾಗುವುದು ಅವಧಿ ಇರುವ ಕಾರ್ಡ್ ಕಳೆದಾಗ ಅಥವಾ ಹಾಳಾದಾಗ. ಕಳೆದುಹೋದರೆ ಪೊಲೀಸ್ ಇಲಾಖೆಯ ಇ-ಲಾಸ್ಟ್ ವರದಿಯ ಪ್ರತಿ ಅಪ್‌ಲೋಡ್ ಮಾಡಬೇಕು.

ಶುಲ್ಕ: ರಿನ್ಯೂವಲ್ 200, ಸ್ಮಾರ್ಟ್ ಕಾರ್ಡ್ 200, ವಿಳಾಸ ಬದಲಿಸಿದರೆ ಇನ್ನೊಂದು 200. ಗ್ರೇಸ್ ಅವಧಿಯನ್ನೂ (ಅವಧಿ ಮುಗಿದ ಮೇಲೆ ಕೊಡುವ ರಿಯಾಯಿತಿ ಕಾಲ) ದಾಟಿ ಬಂದವರಿಗೆ 200ರ ಬದಲು 300, ಅದರ ಮೇಲೆ ತಡವಾದ ಪ್ರತಿ ವರ್ಷಕ್ಕೆ ಅಥವಾ ಅದರ ಭಾಗಕ್ಕೆ 1000. ಹಣ ಕಟ್ಟುವಾಗ ಬ್ಯಾಂಕಲ್ಲಿ ಕಡಿತ ಆಗಿ ಪೋರ್ಟಲ್‌ನಲ್ಲಿ ರಸೀದಿ ಬರದಿದ್ದರೆ ಗಾಬರಿಬಿದ್ದು ಎರಡನೇ ಸಲ ಕಟ್ಟಬೇಡಿ. ಫೀ ಪೇಮೆಂಟ್ ಮೆನುವಿನಲ್ಲೇ "ವೆರಿಫೈ ಪೇ ಸ್ಟೇಟಸ್" ಇದೆ, ಸ್ವಲ್ಪ ಹೊತ್ತು ಬಿಟ್ಟು ಅದನ್ನ ಒತ್ತಿ.

ಸಕ್ಕರೆನಾಡು

ಮೇಲಿನವರು ಹೇಳಿದ್ದು ಸರಿ. ಫಾರ್ಮ್ 1ಎ ವಿಷಯ ಸೇರಿಸ್ತೀನಿ, ಅರ್ಜಿ ವಾಪಸ್ ಬರೋದು ಹೆಚ್ಚಾಗಿ ಅಲ್ಲೇ. 40 ದಾಟಿದವರಿಗೆ ವೈದ್ಯರ ಸರ್ಟಿಫಿಕೇಟ್ (ಅದೇ ಫಾರ್ಮ್ 1ಎ) ಬೇಕು, ಫಾರ್ಮ್ 1ರ ಸ್ವಯಂ ಘೋಷಣೆ ಒಂದೇ ಸಾಲದು. ನೋಂದಾಯಿತ ವೈದ್ಯರೇ ತುಂಬಿ, ನೋಂದಣಿ ಸಂಖ್ಯೆ ಹಾಕಿ, ಸೀಲು ಒತ್ತಬೇಕು. ಒಳ್ಳೆ ಹಗಲು ಬೆಳಕಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದೋಕೆ ಆಗುತ್ತಾ ಅಂತ ಅದರಲ್ಲೇ ಕೇಳಿದ್ದಾರೆ. ಕನ್ನಡಕ ಹಾಕ್ಕೊಂಡು ಓದಿದ್ರೂ ಆಯ್ತು, ಹಾಗಾಗಿ ಅಪ್ಪಾಜಿ ಕನ್ನಡಕ ಮರೆಯದೆ ತಗೊಂಡು ಹೋಗ್ಲಿ. ಬಣ್ಣಗುರುಡು, ಇರುಳುಗಣ್ಣು, ಕಿವಿ, ಕೈಕಾಲಿನ ಊನ ಎಲ್ಲಕ್ಕೂ ಕಾಲಂ ಇದೆ. ಒಂದೂ ಖಾಲಿ ಬಿಡಿಸಬೇಡಿ. ಫೋಟೋ ಅಂಟಿಸೋದು ಮರೆತು ಬರೋರೇ ಜಾಸ್ತಿ.

ಹೆಸರಿನ ವಿಷಯ: ಇನಿಷಿಯಲ್ ಬಿಡಿಸಿ ಬರೆಸೋಕೆ ರಿನ್ಯೂವಲ್ ಅರ್ಜಿಯಲ್ಲೇ ಹೆಸರು ಬದಲಾವಣೆಯನ್ನೂ ಟಿಕ್ ಮಾಡಿ, ಎರಡು ಸಲ ಓಡಾಡೋದು ತಪ್ಪುತ್ತೆ. ಹಾಗೇ ಬಿಟ್ರೆ ಡಿಎಲ್ ರದ್ದಾಗಲ್ಲ. ಆದರೆ ಡಿಜಿಲಾಕರ್ ಆಧಾರ್ ಹೆಸರಿನ ಜೊತೆ ಹೋಲಿಸಿ ನೋಡುತ್ತೆ, ಹೊಂದದಿದ್ರೆ ಡಿಎಲ್ ಇಳಿಸಿಕೊಳ್ಳೋಕೆ ಬಿಡಲ್ಲ. ಡಿಜಿಲಾಕರ್‌ನಲ್ಲಿರೋ ಡಿಎಲ್ ತಪಾಸಣೆಗೆ ಕಾರ್ಡಿನಷ್ಟೇ ಮಾನ್ಯ, ಅದನ್ನ ಯಾಕೆ ಕಳ್ಕೋಬೇಕು.

ಇನ್ನು ವಿಳಾಸ. ಕಾರ್ಡ್ ಅಂಚೆಯಲ್ಲಿ ದಾಖಲೆಯ ವಿಳಾಸಕ್ಕೇ ಹೋಗೋದು. ಮೈಸೂರಲ್ಲೇ ಇರೋದಾದ್ರೆ ಮೊದಲು ಆಧಾರ್ ವಿಳಾಸ ಬದಲಿಸಿ, ಆಮೇಲೆ ಡಿಎಲ್. ಊರಲ್ಲಿ ಅಂಚೆಯಣ್ಣ ಬಂದಾಗ ತಗೊಳ್ಳೋರು ಇದ್ರೆ ಹಾಗೇ ಬಿಡಿ, ನಾಲ್ಕು ತಿಂಗಳಲ್ಲಿ ಆಧಾರ್ ತಿದ್ದುಪಡಿಗೆ ಅಂತ ಕಾಯ್ತಾ ಕೂರೋದು ಬೇಡ.

ಕುವೆಂಪುನಗರ_ವಾಸಿ

ಇಬ್ಬರಿಗೂ ಧನ್ಯವಾದ ಸರ್. ಇಶ್ಯೂ ತಾರೀಖು ನೋಡಿದೆ, 2007ರ ಫೆಬ್ರವರಿ! ಸೊನ್ನೆ ಸೇರಿಸಿ 2007 ಹಾಕಿದೆ, ದಾಖಲೆ ಬಂತು. ಇನ್ನೆರಡು ಪ್ರಶ್ನೆ. ಹೊಸದು ಬರುವವರೆಗೆ ಅಪ್ಪ ಸ್ಕೂಟರ್ ಓಡಿಸಬಹುದಾ? ಕಬ್ಬು ಕಡಿಯುವ ಸಮಯಕ್ಕೆ ಊರಲ್ಲಿ ಟ್ರ್ಯಾಕ್ಟರ್ ಕೂಡ ಓಡಿಸುತ್ತಾರೆ, ಅದಕ್ಕೆ ಬೇರೆ ಡಿಎಲ್ ಬೇಕಾ?

ಆರ್‌ಟಿಒ_ಸರ್ಕಲ್

ಓಡಿಸಬಾರದು. ಮುಂಚೆ ಅವಧಿ ಮುಗಿದ ಮೇಲೂ 30 ದಿನ ಡಿಎಲ್ ಚಾಲ್ತಿಯಲ್ಲಿರುತ್ತಿತ್ತು, ಆ ಸಾಲನ್ನ 2019ರಲ್ಲಿ ತೆಗೆದುಹಾಕಿದ್ದಾರೆ. ಒಂದು ವರ್ಷ ಅನ್ನೋದು ಅರ್ಜಿ ಹಾಕೋಕೆ ಇರುವ ಕಾಲಾವಕಾಶ, ಗಾಡಿ ಓಡಿಸೋಕೆ ಅಲ್ಲ. ಅದೂ ಅಲ್ಲದೆ ರಿನ್ಯೂವಲ್ ಲೆಕ್ಕ ಹಿಡಿಯೋದು ರಿನ್ಯೂ ಆದ ದಿನದಿಂದ, ನಡುವಿನ ಎಂಟು ತಿಂಗಳು ಖಾಲಿಯೇ ಉಳಿಯುತ್ತೆ. ದಂಡಕ್ಕಿಂತ ದೊಡ್ಡ ಪೆಟ್ಟು ಇನ್ಶೂರೆನ್ಸ್‌ನದು. ಆ ಅವಧಿಯಲ್ಲಿ ಅಪಘಾತವಾದರೆ ನಿಮ್ಮ ಗಾಡಿಯ ನಷ್ಟಕ್ಕೆ ಕಂಪನಿ ಕೈ ಎತ್ತಬಹುದು. ಎದುರಿನವರಿಗೆ ಪರಿಹಾರ ಕೊಟ್ಟರೂ ಅದನ್ನ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲು ಕೋರ್ಟ್ ಅನುಮತಿ ಕೊಡುವುದುಂಟು.

ಟ್ರ್ಯಾಕ್ಟರ್‌ಗೆ ಬೇರೆ ಡಿಎಲ್ ಬೇಡ. ಖಾಲಿ ತೂಕ 7500 ಕೆಜಿ ಒಳಗಿರುವ ಟ್ರ್ಯಾಕ್ಟರ್ ಕಾಯ್ದೆಯ ಪ್ರಕಾರ ಲಘು ವಾಹನವೇ (ಎಲ್‌ಎಂವಿ), ಕಾರಿನ ಎಲ್‌ಎಂವಿ ಸಾಕು. ಸರಕೂ ಸೇರಿ ಒಟ್ಟು ತೂಕ 7500 ಕೆಜಿ ಒಳಗಿರುವ ಗೂಡ್ಸ್ ಗಾಡಿಗೂ ಎಲ್‌ಎಂವಿ ಸಾಕು ಅಂತ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ.

ಸಕ್ಕರೆನಾಡು

ಟ್ರ್ಯಾಕ್ಟರ್ ಬಗ್ಗೆ ಇನ್ನೊಂದು ಮಾತು. ನಮ್ಮ ಕಡೆ ತೊಂದರೆ ಬರೋದು ಡಿಎಲ್‌ನಿಂದಲ್ಲ, ಟ್ರೈಲರ್‌ನಿಂದ. ಅದಕ್ಕೆ ಬೇರೆ ನೋಂದಣಿ ಇರಬೇಕು, ಪಾಲಿಸಿಯಲ್ಲೂ ಅದರ ಹೆಸರು ಇರಬೇಕು. ಇಂಜಿನ್‌ಗೆ ಮಾತ್ರ ಪಾಲಿಸಿ ಮಾಡಿಸಿ, ಕೃಷಿಗೆ ಅಂತ ನೋಂದಾಯಿಸಿದ ಗಾಡಿಯಲ್ಲಿ ಬೇರೆಯವರ ಕಬ್ಬನ್ನ ಬಾಡಿಗೆಗೆ ಫ್ಯಾಕ್ಟರಿಗೆ ಹೊಡೆದ್ರೆ ಕ್ಲೇಮ್ ಹೊತ್ತಲ್ಲಿ ಕಂಪನಿಯವರು ಅದನ್ನೇ ಹಿಡಿಯೋದು.

ಅಂದ ಹಾಗೆ ಅಪ್ಪಾಜಿಗೆ ಈಗ ರಿನ್ಯೂ ಆದ್ರೆ 60 ತುಂಬೋವರೆಗೂ ನಡೆಯುತ್ತೆ. 50ರಿಂದ 55ರೊಳಗಿನವರಿಗೆ ಲೆಕ್ಕ ಅದು, 55 ಆದಮೇಲೆ ಐದೈದು ವರ್ಷಕ್ಕೊಮ್ಮೆ. ನಿಮ್ಮ ಡಿಎಲ್ ತಾರೀಖನ್ನೂ ಈಗಲೇ ನೋಡ್ಕೊಂಡುಬಿಡಿ.